ಹಳೇ ನಾಲೆಯನ್ನು ಪಾರ್ಕ್ ಮಾಡಿ ಉಳಿಸಿಕೊಂಡಿದ್ದು ನೋಡಿ ಬಂದೆ. ನಮ್ಮ ನಾಲೆ ದಂಡೆಗಳಲ್ಲಿ ಯಾರು ನಡೆಯುತ್ತೀರಿ?

ನಾಲೆದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿದ್ದೆ. ಐದು ತಿಂಗಳು ಇದ್ದು ಹೋದ ವಾರ ಶಿವಮೊಗ್ಗಕ್ಕೆ ವಾಪಸ್ ಬಂದೆ. ಅವರ ಮನೆ ಮೇರಿಲ್ಯಾಂಡ್ ರಾಜ್ಯದಲ್ಲಿ, ವಾಷಿಂಗ್ಟನ್‌ಗೆ ಹತ್ತಿರ. ಅಲ್ಲಿ ಸುಮಾರು ಜಾಗ ತೋರಿಸಿದರು. ಆದರೆ ಒಂದು ಮಾತ್ರ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅದು ಒಂದು ಹಳೇ ನಾಲೆ.

ಚೆಸಪೀಕ್ ಅಂಡ್ ಒಹಾಯೊ ಕೆನಾಲ್ ಅಂತ ಹೆಸರು. ಅಲ್ಲಿಯವರು ಚಿಕ್ಕದಾಗಿ ಸಿ ಅಂಡ್ ಓ ಅನ್ನುತ್ತಾರೆ. ಪೊಟೋಮ್ಯಾಕ್ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಿಂದ ಕಂಬರ್‌ಲ್ಯಾಂಡ್ ಅನ್ನುವ ಊರಿನ ತನಕ 184.5 ಮೈಲಿ. ಅಂದರೆ ಸುಮಾರು 297 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ ಅಂದುಕೊಳ್ಳಿ.

ಗದ್ದೆಗೆ ನೀರು ಕೊಡುವ ನಾಲೆ ಅಲ್ಲ ಅದು. ದೋಣಿ ಓಡಾಡಲಿ ಅಂತಲೇ ತೋಡಿದ್ದು. 1828ರಲ್ಲಿ ಕೆಲಸ ಶುರುವಾಗಿ 1850ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಆ ಕಡೆಯ ಬೆಟ್ಟದ ಕಲ್ಲಿದ್ದಲನ್ನು ದೋಣಿಗೆ ತುಂಬಿ ಪಟ್ಟಣಕ್ಕೆ ತರುತ್ತಿದ್ದರು. ದೋಣಿಗೆ ಹುಟ್ಟೂ ಇಲ್ಲ, ಹಾಯಿಯೂ ಇಲ್ಲ. ದಂಡೆ ಮೇಲೆ ಹೇಸರಗತ್ತೆಗಳು ನಡೆಯುತ್ತಾ ಉದ್ದನೆಯ ಹಗ್ಗದಲ್ಲಿ ಎಳೆಯುತ್ತಿದ್ದವು. ಅವು ನಡೆದ ದಾರಿಯೇ ಈಗ ಜನ ನಡೆಯುವ ದಾರಿ. 1924ರ ನೆರೆ ನಾಲೆಯನ್ನು ಒಡೆದು ಹಾಕಿತು. ಅಲ್ಲಿಗೆ ದೋಣಿ ನಿಂತವು. 1971ರಲ್ಲಿ ಪೂರ್ತಿ ನಾಲೆಯನ್ನು ರಾಷ್ಟ್ರೀಯ ಚಾರಿತ್ರಿಕ ಉದ್ಯಾನ ಮಾಡಿದರು.

ನಾವು ಮೊದಲು ಹೋಗಿದ್ದು ಗ್ರೇಟ್ ಫಾಲ್ಸ್ ಅನ್ನುವ ಕಡೆಗೆ. ಏಪ್ರಿಲ್ ತಿಂಗಳು, ಮರಗಳು ಆಗಷ್ಟೇ ಚಿಗುರಿದ್ದವು. ನೆಲದ ತುಂಬ ನೀಲಿ ಹೂ, ಸಣ್ಣ ಗಂಟೆಗಳ ಹಾಗೆ ತಲೆ ತಗ್ಗಿಸಿಕೊಂಡು. ಒಂದು ಕಡೆ ನಾಲೆಯ ನಿಂತ ನೀರು, ಹಸಿರು ಹಸಿರಾಗಿ. ಇನ್ನೊಂದು ಕಡೆ ಕೆಳಗೆ ಹೊಳೆಯ ಭೋರ್ಗರೆತ. ನಡುವೆ ಮಣ್ಣಿನ ದಾರಿ. ಬಿದ್ದ ಮರದ ದಿಮ್ಮಿಯ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ನಮ್ಮ ಬೂದು ಬಕದ ಹಾಗೆಯೇ ಇರುವ ದೊಡ್ಡ ಹಕ್ಕಿ ಒಂದು ಕಾಲು ಗಂಟೆ ಅಲುಗಾಡದೆ ನಿಂತಿತ್ತು. ಮಗು ಹೊಟ್ಟೆಗೆ ಕಟ್ಟಿದ ಚೀಲದಲ್ಲಿ ನಿದ್ದೆ ಮಾಡಿತ್ತು. ನಾನು ಮಗಳು ಇಬ್ಬರೂ ಜಾಸ್ತಿ ಮಾತೇ ಆಡಲಿಲ್ಲ.

ಇನ್ನೊಂದು ದಿನ ಅಳಿಯಂದಿರು ದೂರದ ಪಾಪಾ ಸುರಂಗಕ್ಕೆ ಕರೆದುಕೊಂಡು ಹೋದರು. ಹೊಳೆ ಅಲ್ಲಿ ಬಳಸಿ ಬಳಸಿ ಹರಿಯುತ್ತದೆ. ಆ ಬಳಸು ತಪ್ಪಿಸಲು ಗುಡ್ಡವನ್ನೇ ಕೊರೆದಿದ್ದಾರೆ. 3,118 ಅಡಿ ಉದ್ದ. ಒಳಗೆ 60 ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಕಟ್ಟಿದ್ದಾರೆ. ಟಾರ್ಚ್ ಇಲ್ಲದೆ ಹೆಜ್ಜೆ ಇಡೋಕೆ ಆಗಲ್ಲ. ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ. ಕತ್ತೆ ನಡೆಯುವ ದಾರಿಗೆ ಕಟಕಟೆ ಇದೆ. ಅದರ ಮರದ ಮೇಲೆ ಅಲ್ಲಲ್ಲಿ ಬೆರಳು ಇಳಿಯುವಷ್ಟು ಗೆರೆಗಳು. ಹಗ್ಗ ಉಜ್ಜಿ ಉಜ್ಜಿ ಆದದ್ದು ಅಂದರು.

ನಾನು ಆ ಗೆರೆ ಮೇಲೆ ಕೈ ಇಟ್ಟು ನಿಂತುಬಿಟ್ಟೆ. ನಮ್ಮ ಅಜ್ಜಿ ಮನೆಯ ಬಾವಿಕಟ್ಟೆಯ ಕಲ್ಲಿನ ಮೇಲೂ ಇಂಥದ್ದೇ ಗೆರೆ ಇತ್ತು. ಚಿಕ್ಕವಳಿದ್ದಾಗ ಅದರಲ್ಲಿ ಬೆರಳು ಓಡಿಸುವುದು ನನಗೊಂದು ಆಟ. ಮನೆ ರಿಪೇರಿ ಮಾಡಿಸಿದಾಗ ಆ ಕಲ್ಲು ಕಿತ್ತು ಎಲ್ಲೋ ಹಾಕಿದರು. ಆಗ ಯಾರಿಗೂ ಏನೂ ಅನ್ನಿಸಲಿಲ್ಲ, ನನಗೂ ಸಹ.

ಊರಿಗೆ ಬಂದ ಮಾರನೇ ದಿನ ಬೆಳಗ್ಗೆ ಐದೂವರೆಗೇ ಎಚ್ಚರ ಆಯಿತು. ನಮ್ಮ ಬಡಾವಣೆ ಹಿಂದೆ ತುಂಗಾ ನಾಲೆ ಹೋಗುತ್ತದೆ. ಮೂವತ್ತು ವರ್ಷದಿಂದ ಅದರ ಪಕ್ಕ ಇದ್ದೀನಿ, ಅದರ ದಂಡೆಯಲ್ಲಿ ಅರ್ಧ ಕಿಲೋಮೀಟರ್ ಕೂಡ ನಡೆದಿಲ್ಲ. ಅವತ್ತು ನಡೆದೆ. ಸ್ವಲ್ಪ ದೂರ ಚೆನ್ನಾಗಿತ್ತು. ಹೊಂಗೆ ಮರ, ಮಿಂಚುಳ್ಳಿ. ಆಮೇಲೆ ಕಸದ ರಾಶಿ, ಹರಿದ ಹಾಸಿಗೆ, ಪ್ಲಾಸ್ಟಿಕ್. ಮುಂದೆ ಹೋಗಲಾಗದೆ ವಾಪಸ್ ಬಂದೆ.

ನಾನು ಕೇಳೋದು ಇಷ್ಟೇ. ನಮ್ಮ ಜಿಲ್ಲೆಯಲ್ಲಿ ತುಂಗಾ, ಭದ್ರಾ ನಾಲೆಗಳ ದಂಡೆಯಲ್ಲಿ ಯಾವ ಭಾಗ ಈಗಲೂ ನಡೆಯೋಕೆ ಚೆನ್ನಾಗಿದೆ? ಯಾರಾದರೂ ನಡೆಯುತ್ತೀರಾ? ನಮ್ಮ ನಾಲೆಗಳನ್ನೂ ಹಾಗೆ ಜನ ಪ್ರೀತಿಯಿಂದ ನೋಡುವ ಜಾಗ ಮಾಡೋಕೆ ಆಗಲ್ವಾ?

ಹೊಳೆಸಾಲು (ತೀರ್ಥಹಳ್ಳಿ, ಈಗ ಬೆಂಗಳೂರು)

ಅಕ್ಕ, ಬಾವಿಕಟ್ಟೆ ಗೆರೆ ಓದಿ ನಮ್ಮ ಮನೆ ಹಿತ್ತಲು ಕಣ್ಣ ಮುಂದೆ ಬಂತು. ಒಂದು ಪ್ರಶ್ನೆ. ಪಕ್ಕದಲ್ಲೇ ಅಷ್ಟು ದೊಡ್ಡ ಹೊಳೆ ಇದೆಯಲ್ಲ. ದೋಣಿ ಹೊಳೆಯಲ್ಲೇ ಹೋಗಬಹುದಿತ್ತು. ಅದರ ಪಕ್ಕ ಇನ್ನೊಂದು ನಾಲೆ ತೋಡಿದ್ದು ಯಾಕೆ?

ನಾಲೆದಂಡೆ

ನಾನೂ ಇದೇ ಪ್ರಶ್ನೆ ಕೇಳಿದೆ ನೋಡಿ! ಗ್ರೇಟ್ ಫಾಲ್ಸ್‌ನಲ್ಲಿ ಹೊಳೆ ನೋಡಿದ ಮೇಲೆ ಉತ್ತರ ಸಿಕ್ಕಿತು. ಬಂಡೆಗಳ ನಡುವೆ ಹೊಳೆ ಹಂತ ಹಂತವಾಗಿ ಕೆಳಗೆ ಬೀಳುತ್ತದೆ. ದೋಣಿ ಇಟ್ಟರೆ ಚೂರು ಚೂರು. ನಮ್ಮ ತುಂಗೆಯನ್ನೇ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ತೀರ್ಥಹಳ್ಳಿಯ ರಾಮಮಂಟಪದ ಹತ್ತಿರ ಬರೀ ಬಂಡೆ. ಆಷಾಢದಲ್ಲಿ ಅದೇ ಜಾಗದಲ್ಲಿ ಮಂಟಪವೇ ಮುಳುಗುವಷ್ಟು ನೀರು. ಇಂಥ ಹೊಳೆಯನ್ನು ನಂಬಿ ವರ್ಷವಿಡೀ ಸಾಗಾಟ ಮಾಡೋಕೆ ಆಗುತ್ತಾ? ಅದಕ್ಕೇ ಪಕ್ಕದಲ್ಲಿ ಸಮಾಧಾನವಾಗಿ ನಿಲ್ಲುವ ನೀರು ಬೇಕಾಯಿತು.

ಹಳೇಇಂಜಿನಿಯರ್ (ಭದ್ರಾವತಿ)

ಮೇಡಂ ಹೇಳಿದ್ದು ಸರಿ. ನೀರಾವರಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಆ ನಾಲೆಯ ಬಗ್ಗೆ ಆಸಕ್ತಿಯಿಂದ ಓದಿಕೊಂಡಿದ್ದೇನೆ. ಹೊಳೆಸಾಲು ಅವರೇ, ಇನ್ನೊಂದು ವಿಷಯ ಸೇರಿಸುತ್ತೇನೆ.

ಕಂಬರ್‌ಲ್ಯಾಂಡ್ ಊರು ಜಾರ್ಜ್‌ಟೌನ್‌ಗಿಂತ ಸುಮಾರು 605 ಅಡಿ ಎತ್ತರದಲ್ಲಿದೆ. ನೀರು ಇಳಿಜಾರಿನಲ್ಲಿ ಓಡುತ್ತದೆ. ಓಡುವ ನೀರಿನಲ್ಲಿ ದೋಣಿಯನ್ನು ಮೇಲಕ್ಕೆ ಎಳೆಯುವುದು ಕಷ್ಟ. ಅದಕ್ಕೆ ನಾಲೆಯನ್ನು ಮೆಟ್ಟಿಲು ಮಾಡಿದರು. ಒಂದು ಮೆಟ್ಟಿಲಿಗೆ ಸುಮಾರು 8 ಅಡಿ, ಒಟ್ಟು 74 ಮೆಟ್ಟಿಲು. ಇವಕ್ಕೆ ಲಾಕ್ ಅನ್ನುತ್ತಾರೆ. ಎರಡು ಮೆಟ್ಟಿಲ ನಡುವೆ ನೀರು ಕೆರೆಯ ಹಾಗೆ ನಿಂತಿರುತ್ತದೆ.

ಲಾಕ್ ಅಂದರೆ ಕಲ್ಲಿನ ತೊಟ್ಟಿ. ಎರಡು ತುದಿಗೂ ಮರದ ಜೋಡಿ ಬಾಗಿಲು. ಅಗಲ 15 ಅಡಿ, ಉದ್ದ 100 ಅಡಿ ಆಸುಪಾಸು. ದೋಣಿ ಮೇಲಿನಿಂದ ಬಂತು ಅಂದುಕೊಳ್ಳಿ. ತೊಟ್ಟಿ ತುಂಬಿರುತ್ತದೆ. ಮೇಲಿನ ಬಾಗಿಲು ತೆಗೆದು ದೋಣಿ ಒಳಗೆ ಬಿಡುತ್ತಾರೆ. ಆ ಬಾಗಿಲು ಮುಚ್ಚುತ್ತಾರೆ. ಕೆಳಗಿನ ಬಾಗಿಲಿನ ಬುಡದಲ್ಲಿ ಸಣ್ಣ ಕಿಂಡಿಗಳಿವೆ, ಅವನ್ನು ತೆಗೆದರೆ ತೊಟ್ಟಿಯ ನೀರು ಕೆಳಗೆ ಹೋಗುತ್ತದೆ. ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಎರಡೂ ಕಡೆ ನೀರು ಸಮ ಆದಾಗ ಕೆಳಗಿನ ಬಾಗಿಲು ಸಲೀಸಾಗಿ ತೆರೆಯುತ್ತದೆ. ಮೇಲೆ ಹತ್ತಿಸಬೇಕಾದರೆ ಇದೇ ಕೆಲಸ ಉಲ್ಟಾ.

ಮೋಟರ್ ಇಲ್ಲ, ಪಂಪ್ ಇಲ್ಲ. ಬಾಗಿಲಿನ ಜೋಡಣೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಎರಡು ರೆಕ್ಕೆ ನೇರವಾಗಿ ಸೇರುವುದಿಲ್ಲ. ನೀರು ಬರುವ ದಿಕ್ಕಿಗೆ ಮೂತಿ ಮಾಡಿ ಓರೆಯಾಗಿ ಸೇರುತ್ತವೆ. ನೀರು ಒತ್ತಿದಷ್ಟೂ ಸಂದು ಬಿಗಿ ಆಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತೂಬಿನ ಹಲಗೆ ಸಂದಿನಲ್ಲಿ ಸೋರುವ ನೀರಿಗೆ ಹುಲ್ಲು, ಜೇಡಿಮಣ್ಣು ಮೆತ್ತಿಸಿದ್ದು ನೆನಪಿದೆ. ಆವಾಗ ಈ ಬಾಗಿಲಿನ ಚಿತ್ರ ಒಂದು ಪುಸ್ತಕದಲ್ಲಿ ನೋಡಿ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ನಾಲೆದಂಡೆ

ಸರ್, ತುಂಬಾ ಧನ್ಯವಾದ. ನಾನು ಕಣ್ಣಾರೆ ನೋಡಿದರೂ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ. ಹೆಚ್ಚಿನ ಲಾಕ್‌ಗಳ ಪಕ್ಕ ಒಂದು ಪುಟ್ಟ ಮನೆ ಇರುತ್ತಿತ್ತು. ಬಾಗಿಲು ತೆಗೆದು ಮುಚ್ಚುವವನ ಸಂಸಾರ ಅದರಲ್ಲೇ. ರಾತ್ರಿ ಎಷ್ಟು ಹೊತ್ತಿಗೆ ದೋಣಿಯವರು ಕೊಂಬು ಊದಿದರೂ ಎದ್ದು ಬರಬೇಕಿತ್ತು. ನಮ್ಮ ಕಡೆ ನೀರುಗಂಟಿ ಇದ್ದ ಹಾಗೆ ಅನ್ನಿಸಿತು. ಅಂಥ ಕೆಲವು ಮನೆಗಳು ಈಗಲೂ ಇವೆ. ಕೆಲವದರಲ್ಲಿ ಬಾಡಿಗೆ ಕೊಟ್ಟು ಒಂದು ರಾತ್ರಿ ಉಳಿಯಬಹುದು.

ದೋಣಿಯಲ್ಲೂ ಸಂಸಾರಗಳೇ ಇರುತ್ತಿದ್ದವು. ಹೇಸರಗತ್ತೆ ಹೊಡೆದುಕೊಂಡು ದಿನವಿಡೀ ನಡೆಯುವ ಕೆಲಸ ಎಷ್ಟೋ ಸಲ ಮಕ್ಕಳದ್ದು. ಅದನ್ನು ಓದಿದಾಗ ಸಂಕಟ ಆಯಿತು. ನಾನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಹತ್ತು ವರ್ಷದ ಮಗು ಮಳೆಯಲ್ಲಿ ಕತ್ತೆ ಹಿಂದೆ ನಡೆಯುವುದು ಕಣ್ಣಿಗೆ ಕಟ್ಟಿತು.

ತೋಟದಮನೆ (ಸಾಗರ)

ಚೆಂದ ಬರೆದಿದ್ದೀರಿ ಅಕ್ಕ. ನಾಲೆ ಹಳ್ಳ ದಾಟಬೇಕಾದಲ್ಲಿ ಏನು ಮಾಡಿದ್ದಾರೆ? ನಮ್ಮ ಕಡೆ ಗುಡ್ಡದ ಅಬ್ಬಿ ನೀರನ್ನು ಮನೆಗೆ ತರುವಾಗ ನಡುವೆ ತಗ್ಗು ಬಂದರೆ ದಂಬೆ ಹಾಕುತ್ತಿದ್ದರು. ಅಡಿಕೆ ಮರ ಸೀಳಿ, ತಿರುಳು ತೆಗೆದು, ಕವೆಗೋಲಿನ ಮೇಲೆ ಒಂದರ ತುದಿಗೆ ಒಂದು ಜೋಡಿಸುವುದು. ನಮ್ಮ ಮನೆಗೆ ನನ್ನ ಮದುವೆ ಆದ ಹೊಸದರಲ್ಲೂ ಹಾಗೇ ನೀರು ಬರುತ್ತಿತ್ತು. ರಾತ್ರಿಯೆಲ್ಲ ತೊಟ್ಟಿಗೆ ಬೀಳುವ ನೀರಿನ ಸದ್ದು. ಈಗ ಪೈಪು. ಸದ್ದು ಇಲ್ಲ.

ನಾಲೆದಂಡೆ

ಅದೇ ಉಪಾಯ, ಆದರೆ ಕಲ್ಲಿನಲ್ಲಿ! ಹಳ್ಳಗಳ ಮೇಲೆ ಕಮಾನು ಕಟ್ಟಿ, ಅದರ ಮೇಲೆ ನಾಲೆ ಹಾಯಿಸಿದ್ದಾರೆ. ಅಂಥ ಮೇಲ್ಗಾಲುವೆ ಒಟ್ಟು 11. ಎಲ್ಲಕ್ಕಿಂತ ದೊಡ್ಡದು ಮೊನೊಕಸಿ ಅನ್ನುವ ಹೊಳೆಯ ಮೇಲಿದೆ. 1833ರಲ್ಲಿ ಮುಗಿದಿದ್ದು. ಏಳು ಕಮಾನು, 516 ಅಡಿ ಉದ್ದ. ಕೆಳಗೆ ಹೊಳೆ, ಮೇಲೆ ನಾಲೆ, ನಾಲೆಯಲ್ಲಿ ದೋಣಿ. ನಿಮ್ಮ ದಂಬೆ ನೀರಿನ ಸದ್ದು ಓದಿ ನನಗೂ ಏನೋ ಕಳೆದುಕೊಂಡ ಹಾಗಾಯಿತು ತಂಗಿ.

ಕೊನೆಗದ್ದೆ (ಶಿವಮೊಗ್ಗ ತಾಲ್ಲೂಕು)

ಎಲ್ಲ ಓದಿದೆ. ಮೇಡಂ ಮನಸ್ಸಿಟ್ಟು ಬರೆದಿದ್ದಾರೆ, ಅದಕ್ಕೆ ನನ್ನ ಗೌರವ ಇದೆ. ಆದರೆ ನನ್ನ ಮಾತನ್ನೂ ಸ್ವಲ್ಪ ಕೇಳಿ.

ಊರು ದಾಟಿದ ಮೇಲೆ ತುಂಗಾ ನಾಲೆಯ ಕೆಳಗೆ ನಮ್ಮ ಮೂರೂವರೆ ಎಕರೆ ಇದೆ. ನಮ್ಮ ಅಚ್ಚುಕಟ್ಟಿನ ಹೆಸರಿನಲ್ಲೇ ಕೊನೆ ಭಾಗ ಅಂತ ಬಿದ್ದುಬಿಟ್ಟಿದೆ. ಮೇಲಿನವರಿಗೆ ನೀರು ಸಿಕ್ಕಿ, ಉಳಿದರೆ ನಮಗೆ. ನಾಟಿ ಮಾಡುವ ಹೊತ್ತಿಗೆ ನೀರು ಮುಟ್ಟಲಿಲ್ಲ ಅಂದರೆ ಸಸಿ ಮಡಿಯಲ್ಲೇ ಬಲಿಯುತ್ತದೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಕಾವಲು ಕೂತಿದ್ದೇನೆ. ಒಬ್ಬನೇ ಅಲ್ಲ, ಅಪ್ಪನ ಜೊತೆ, ಈಗ ಮಗನ ಜೊತೆ.

ಅಮೆರಿಕದ ಆ ನಾಲೆಗೆ ಕೆಲಸ ಇಲ್ಲ. ಕೆಲಸ ಮುಗಿದ ಮೇಲೆ ಪಾರ್ಕ್ ಆಯಿತು. ನಮ್ಮದು ಇನ್ನೂ ದುಡಿಯುತ್ತಿದೆ. ಪಾರ್ಕ್ ಅಂದ ತಕ್ಷಣ ನನಗೆ ಭಯ ಆಗುತ್ತದೆ. ಟೈಲ್ಸ್ ಹಾಕುತ್ತಾರೆ. ಕಬ್ಬಿಣದ ಬೇಲಿ ಹಾಕುತ್ತಾರೆ. ಆಮೇಲೆ ಹೂಳು ತೆಗೆಯೋಕೆ ಜೆಸಿಬಿ ಇಳಿಯೋದು ಎಲ್ಲಿಂದ? ದಂಡೆ ಮೇಲಿನ ದಾರಿ ಇರೋದೇ ಅದಕ್ಕೆ. ಗಾಡಿ, ಟ್ರ್ಯಾಕ್ಟರ್ ಹೋಗೋದೂ ಅದರ ಮೇಲೇ. ಕೂತುಕೊಳ್ಳೋಕೆ ಬೆಂಚು ಹಾಕಿದ ಜಾಗದಲ್ಲಿ ನಾವು ಭತ್ತದ ಹುಲ್ಲು ಇಳಿಸಿದರೆ ಬೈಸಿಕೊಳ್ಳಬೇಕಾಗುತ್ತದೆ.

ಇನ್ನೊಂದು. ಮೇಡಂ ನೋಡಿದ ಕಸ ಅಲ್ಲೇ ಇರಲ್ಲ. ನೀರು ಬಿಟ್ಟ ದಿನ ಅದೆಲ್ಲ ಹೊರಟು ನಮ್ಮ ಹತ್ತಿರ ಬರುತ್ತದೆ. ಮೊದಲ ನೀರಿನ ಜೊತೆ ಬಾಟಲಿ, ಚೀಲ, ಔಷಧಿ ಸೀಸೆ, ಮಕ್ಕಳ ಡೈಪರ್. ಎಲ್ಲ ಬಂದು ತೂಬಿನ ಬಾಯಿಗೆ ಕಚ್ಚಿಕೊಳ್ಳುತ್ತದೆ. ಹೋದ ವರ್ಷ ಗದ್ದೆಗೆ ಇಳಿದಾಗ ಒಡೆದ ಗಾಜು ಪಾದಕ್ಕೆ ಹೊಕ್ಕಿ ನಾಲ್ಕು ಹೊಲಿಗೆ ಆಯಿತು. ನಾಟಿ ಕಾಲದಲ್ಲಿ ಹನ್ನೆರಡು ದಿನ ಮನೆಯಲ್ಲಿ ಕೂತೆ. ಮೊದಲು ಇದು ನಿಲ್ಲಲಿ. ಆಮೇಲೆ ಮಾತಾಡೋಣ.

ತೋಟದಮನೆ

ಅಣ್ಣ, ಕಾಲು ಈಗ ಹೇಗಿದೆ?

ಕೊನೆಗದ್ದೆ

ವಾಸಿ ಆಗಿದೆ ಅಕ್ಕ. ಚಳಿಗಾಲದಲ್ಲಿ ಸ್ವಲ್ಪ ಎಳೆಯುತ್ತದೆ.

ನಾಲೆದಂಡೆ

ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಆ ನಾಲೆ ಪಕ್ಕ ಇದ್ದರೂ ಅದರ ನೀರು ಮುಂದೆ ಯಾರ ಗದ್ದೆಗೆ ಹೋಗುತ್ತದೆ ಅಂತ ಯೋಚನೆ ಮಾಡಿದ್ದೇ ಇಲ್ಲ. ನಮ್ಮ ಬೀದಿಯಿಂದ ಕಸ ಬಿದ್ದಿರೋದನ್ನು ನಾನೇ ನೋಡಿದ್ದೀನಿ. ಎಷ್ಟೋ ಸಲ ನೋಡಿ ಸುಮ್ನೆ ಒಳಗೆ ಬಂದಿದ್ದೀನಿ. ನಿಮ್ಮ ಕಾಲಿಗೆ ಹೊಕ್ಕ ಗಾಜು ನಮ್ಮ ಬೀದಿಯದ್ದೇ ಇರಬಹುದು. ಕ್ಷಮಿಸಿ ಅಂತ ಮನಸ್ಸಿನಿಂದ ಕೇಳುತ್ತೀನಿ.

ಟೈಲ್ಸ್, ಬೇಲಿ, ಬಣ್ಣದ ದೀಪ ನನಗೂ ಬೇಡ. ಅಲ್ಲೂ ಅದು ಯಾವುದೂ ಇರಲಿಲ್ಲ. ಬರೀ ಮಣ್ಣಿನ ದಾರಿ. ಮೈಲಿಗೊಂದು ಮೈಲಿಗಲ್ಲು, ನೆರಳು, ಅಷ್ಟೇ. ಕೆಲವು ಭಾಗದಲ್ಲಿ ಮಾತ್ರ ನೀರು ನಿಲ್ಲಿಸಿದ್ದಾರೆ. ಎಷ್ಟೋ ಕಡೆ ನಾಲೆ ಒಣಗಿ, ಅದರ ಹೊಟ್ಟೆಯೊಳಗೇ ದೊಡ್ಡ ಮರ ಬೆಳೆದಿವೆ. ಹಾಗೇ ಬಿಟ್ಟಿದ್ದಾರೆ. ತಿಂದ ತಿಂಡಿಯ ಕವರ್ ಹಾಕೋಣ ಅಂದರೆ ಮಗಳು ಚೀಲ ತೆಗೆದಳು. ತಂದಿದ್ದನ್ನು ನಾವೇ ವಾಪಸ್ ಒಯ್ಯಬೇಕು ಅಂದಳು.

ನಾನು ಪಾರ್ಕ್ ಅನ್ನುವ ಪದ ಬಳಸಿದ್ದೇ ತಪ್ಪಾಯಿತೇನೋ. ನನಗೆ ಬೇಕಿರೋದು ಜನ ಆ ದಂಡೆ ಮೇಲೆ ನಡೆಯಬೇಕು ಅನ್ನೋದು. ನಡೆಯುವವರ ಕಣ್ಣು ಇದ್ದರೆ ಕಸ ಹಾಕುವ ಕೈ ಹಿಂದೆ ಸರಿಯುತ್ತದೆ ಅಂತ ನನ್ನ ನಂಬಿಕೆ. ಇದನ್ನು ಯಾಕೆ ಹೇಳುತ್ತಿದ್ದೀನಿ ಅಂದರೆ, ಆ ನಾಲೆ ಉಳಿದದ್ದೂ ಒಂದು ನಡಿಗೆಯಿಂದಲೇ.

ಹೊಳೆಸಾಲು

ಅದೇನು ಕಥೆ ಅಕ್ಕ? ಹೇಳಿ.

ನಾಲೆದಂಡೆ

ದೋಣಿ ನಿಂತ ಮೇಲೆ 1938ರಲ್ಲಿ ಅಲ್ಲಿನ ಸರ್ಕಾರ ಆ ನಾಲೆಯನ್ನು 20 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಆಮೇಲೆ ನಾಲೆಯ ಜಾಗದಲ್ಲಿ ಕಾರು ಓಡುವ ರಸ್ತೆ ಮಾಡೋಣ ಅಂತ ಯೋಚನೆ ಬಂತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ರಸ್ತೆ ಆಗಲಿ ಅಂತ ಸಂಪಾದಕೀಯ ಬರೆಯಿತು. ಆಗ ವಿಲಿಯಂ ಡಗ್ಲಸ್ ಅನ್ನುವವರು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅವರು ಪತ್ರಿಕೆಗೆ ಪತ್ರ ಬರೆದು, ಬರೆದವರು ನನ್ನ ಜೊತೆ ಈ ದಂಡೆ ಮೇಲೆ ಪೂರ್ತಿ ನಡೆದು ನೋಡಲಿ ಅಂತ ಕರೆದರು.

ಪತ್ರಿಕೆಯವರು ಒಪ್ಪಿ ಬಂದರು. 1954ರ ಮಾರ್ಚ್ ತಿಂಗಳಲ್ಲಿ ಕಂಬರ್‌ಲ್ಯಾಂಡ್‌ನಿಂದ ಹೊರಟಾಗ 58 ಜನ. ಎಂಟು ದಿನದ ನಡಿಗೆ. ಚಳಿ, ಹಿಮ, ಕಾಲು ಬೊಕ್ಕೆ. ಪೂರ್ತಿ ದೂರ ನಡೆದು ಮುಗಿಸಿದವರು ಡಗ್ಲಸ್ ಸೇರಿ 9 ಜನ ಮಾತ್ರ. ಪತ್ರಿಕೆ ತನ್ನ ನಿಲುವು ಬದಲಿಸಿತು. ರಸ್ತೆಯ ಯೋಚನೆ ಬಿದ್ದುಹೋಯಿತು. ಪಾರ್ಕ್ ಆಗೋಕೆ ಮತ್ತೆ 17 ವರ್ಷ ಹಿಡಿಯಿತು, ಅದು ಬೇರೆ ಮಾತು.

ನನ್ನನ್ನು ತಟ್ಟಿದ್ದು ಏನು ಗೊತ್ತಾ? ಅವರು ಕೋರ್ಟಿನಲ್ಲಿ ಕೂತು ಆದೇಶ ಕೊಡಲಿಲ್ಲ. ಬಾ, ನಡೆದು ನೋಡು ಅಂದರು. ನೋಡಿದವರ ಮನಸ್ಸು ತಿರುಗಿತು.

ಹಳೇಇಂಜಿನಿಯರ್

ಈ ನಾಲೆಗೆ ಶುರುವಿನಿಂದಲೂ ಅದೃಷ್ಟ ಕಡಿಮೆ. 1828ರ ಜುಲೈ 4ರಂದು ಅಮೆರಿಕದ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆ ಮಾಡಿದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ ರೈಲು ದಾರಿಗೂ ಕಲ್ಲು ಹಾಕಿದರು. ಇಬ್ಬರಿಗೂ ಅದೇ ಕಣಿವೆಯಲ್ಲಿ ಮೇಲೆ ಹೋಗಬೇಕಿತ್ತು. ರೈಲು 1842ರಲ್ಲೇ ಕಂಬರ್‌ಲ್ಯಾಂಡ್ ಮುಟ್ಟಿತು. ನಾಲೆ ಎಂಟು ವರ್ಷ ತಡವಾಗಿ ಮುಟ್ಟಿತು. ಒಹಾಯೊ ನದಿಯ ತನಕ ಹೋಗಬೇಕು ಅನ್ನುವ ಆಸೆ ಹೆಸರಿನಲ್ಲಷ್ಟೇ ಉಳಿಯಿತು. 1889ರ ನೆರೆಯಲ್ಲಿ ನಾಲೆ ಕಂಪನಿ ದಿವಾಳಿ ಆಗಿ ಆ ರೈಲು ಕಂಪನಿಯ ಕೈಗೇ ಸೇರಿತು.

ಕೊನೆಗದ್ದೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ನಾಲೆಯ ದಂಡೆ ಅಂದರೆ ತಪಾಸಣೆ ದಾರಿ. ಅದನ್ನು ಮುಚ್ಚುವಂಥ ಯಾವ ಕೆಲಸವೂ ಆಗಬಾರದು. ದಂಡೆಯ ನೀರಿನ ಕಡೆ ದೊಡ್ಡ ಮರ ನೆಡಬಾರದು, ಬೇರು ಹೊಕ್ಕು ಏರಿ ಸಡಿಲ ಆಗುತ್ತದೆ. ನೆಟ್ಟರೆ ಹೊರಗಿನ ಇಳಿಜಾರಿನ ಬುಡದಲ್ಲಿ ನೆಡಬೇಕು.

ಆದರೆ ದುಡಿಯುವ ನಾಲೆಯನ್ನು ಜನ ನೋಡುವ ಜಾಗವಾಗಿಯೂ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮದೇ ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಮುಂದೆ ಹಂಪಿಗೆ ಹೋಗುತ್ತಾರಲ್ಲ, ಅಲ್ಲಿ ತುರ್ತು ಕಾಲುವೆ ಇದೆ. ವಿಜಯನಗರದ ಅರಸರ ಕಾಲದ್ದು. ಇವತ್ತಿಗೂ ಬಾಳೆ ತೋಟಕ್ಕೆ ಅದರಲ್ಲಿ ನೀರು ಹೋಗುತ್ತದೆ. ಪ್ರವಾಸಕ್ಕೆ ಬಂದವರು ಅದರ ಪಕ್ಕದಲ್ಲೇ ನಡೆದು ಗುಡಿಗಳಿಗೆ ಹೋಗುತ್ತಾರೆ. ಎಷ್ಟೋ ಜನಕ್ಕೆ ತಾವು ದಾಟಿದ್ದು ಐನೂರು ವರ್ಷದ ಕಾಲುವೆ ಅಂತ ತಿಳಿಯುವುದೇ ಇಲ್ಲ. ಒಂದು ಫಲಕ ಹಾಕಿದರೂ ಸಾಕು ಅನ್ನಿಸುತ್ತದೆ. ಭದ್ರಾವತಿ ಹತ್ತಿರ ಗೋಂದಿ ಅಣೆಕಟ್ಟಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋದಾಗಲೂ ನನಗೆ ಹೀಗೇ ಅನ್ನಿಸಿತ್ತು. ನೀರು ಅಣೆಯ ಮೇಲೆ ಹಾಳೆ ಹಾಸಿದ ಹಾಗೆ ಇಳಿಯುತ್ತಿತ್ತು. ಇದನ್ನು ಯಾಕೆ ಕಟ್ಟಿದರು, ನೀರು ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳು ಕೇಳಿದ ಒಂದೊಂದು ಪ್ರಶ್ನೆಗೂ ಅಲ್ಲೇ ಕೈ ತೋರಿಸಿ ಉತ್ತರ ಹೇಳಬಹುದಿತ್ತು.

ಮಳೆನಾಡಮ್ಮ (ಶಿವಮೊಗ್ಗ)

ನಡೆಯೋದು ಚೆನ್ನಾಗಿರುತ್ತೆ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಜಾಗ್ರತೆ. ಸಿಮೆಂಟ್ ಹಾಕಿದ ನಾಲೆಯ ಇಳಿಜಾರಿನಲ್ಲಿ ಪಾಚಿ ಇರುತ್ತೆ. ಜಾರಿದರೆ ಹಿಡಿಯೋಕೆ ಏನೂ ಸಿಗಲ್ಲ. ಈಜು ಬಂದವರೂ ಹತ್ತೋಕೆ ಆಗದೆ ಹೋಗಿದ್ದಾರೆ. ನಮ್ಮ ಪಕ್ಕದ ಮನೆಯವರ ಕರು ಬಿದ್ದಾಗ ನಾಲ್ಕು ಜನ ಗಂಡಸರು ಹಗ್ಗ ಹಾಕಿ ಎಳೆದರೂ ಉಳಿಸೋಕೆ ಆಗಲಿಲ್ಲ. ನೀರು ಮೇಲೆ ನೋಡೋಕೆ ಸುಮ್ಮನೆ ಇರುತ್ತೆ, ಒಳಗೆ ಎಳೆತ ಜಾಸ್ತಿ. ಬೇಲಿ ಬೇಡ ಅಂದರೆ ಬೇಡ. ಅಲ್ಲಲ್ಲಿ ಇಳಿಯೋಕೆ ಹತ್ತೋಕೆ ಮೆಟ್ಟಿಲು, ಹಿಡಿಯೋಕೆ ಒಂದು ಸರಪಳಿ ಆದರೂ ಬೇಕು.

ಕೊನೆಗದ್ದೆ

ಅಮ್ಮ ಹೇಳಿದ್ದು ನಿಜ. ಹಳೇ ಮೆಟ್ಟಿಲುಗಳು ಇದ್ದವು, ಹೆಂಗಸರು ಬಟ್ಟೆ ಒಗೆಯೋಕೆ ಇಳಿಯುತ್ತಿದ್ದರು. ಎಮ್ಮೆ ಇಳಿಯೋಕೆ ಬೇರೆ ಜಾಗ ಇತ್ತು. ನಮ್ಮ ಕಡೆ ಈಗಲೂ ಎರಡು ಉಳಿದಿವೆ.

ನಾಲೆದಂಡೆ ಮೇಡಂ, ನೀವು ಕ್ಷಮೆ ಕೇಳುವುದು ಬೇಡ. ನನಗೆ ಸಂಕೋಚ ಆಯಿತು. ಊರಿನವರು ಒಬ್ಬರಾದರೂ ನೀರು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರಲ್ಲ.

ಬಯಲುಸೀಮೆಗೆ ಹೋದವಳು (ಮೂಲ ಹೊಸನಗರ)

ನಡುವೆ ಬಂದು ಒಂದು ಪ್ರಶ್ನೆ ಕೇಳುತ್ತಿದ್ದೀನಿ, ಬೇಜಾರು ಮಾಡಿಕೊಳ್ಳಬೇಡಿ. ನಾವು ಸೆಪ್ಟೆಂಬರ್‌ನಲ್ಲಿ ಮಗನ ಮನೆಗೆ ವರ್ಜೀನಿಯಾಕ್ಕೆ ಹೋಗುತ್ತಿದ್ದೀವಿ. ನಮ್ಮ ಯಜಮಾನರಿಗೆ ಮಂಡಿ ನೋವು. ಆ ನಾಲೆ ನೋಡೋಕೆ ಆಗುತ್ತಾ?

ನಾಲೆದಂಡೆ

ಧಾರಾಳವಾಗಿ ಆಗುತ್ತೆ. ಕತ್ತೆ ದೋಣಿ ಎಳೆಯಲಿ ಅಂತ ಮಾಡಿದ ದಾರಿ, ಹಾಗಾಗಿ ಸಮತಟ್ಟು. ಲಾಕ್ ಇರುವಲ್ಲಿ ಮಾತ್ರ ಸಣ್ಣ ಏರು. ಗ್ರೇಟ್ ಫಾಲ್ಸ್‌ನ ಮೇರಿಲ್ಯಾಂಡ್ ದಂಡೆಗೇ ಹೋಗಿ. ವರ್ಜೀನಿಯಾ ದಂಡೆಯಲ್ಲೂ ಅದೇ ಹೆಸರಿನ ಬೇರೆ ಪಾರ್ಕ್ ಇದೆ, ಈ ನಾಲೆ ಆ ಕಡೆ ಇಲ್ಲ. ಜಾರ್ಜ್‌ಟೌನ್‌ನಿಂದ ದಂಡೆ ಮೇಲೇ ಬಂದರೆ ಸುಮಾರು 23 ಕಿಲೋಮೀಟರ್, ನೀವು ಕಾರಿನಲ್ಲಿ ಬನ್ನಿ. ಅಲ್ಲಿ ಗಾಡಿಗೆ ಪ್ರವೇಶ ಶುಲ್ಕ ಇದೆ. ಹತ್ತಿರದಲ್ಲೇ ಹಳೇ ಕಾಲದ ಛತ್ರದಂಥ ಬಿಳಿ ಕಟ್ಟಡ, ಅದರ ಮುಂದೆಯೇ ಲಾಕ್. ಅಲ್ಲಿಂದ ಸ್ವಲ್ಪ ನಡೆದರೆ ಮರದ ಸೇತುವೆ ದಾರಿ, ಜಲಪಾತದ ಎದುರಿಗೇ ಹೋಗಿ ನಿಲ್ಲಬಹುದು. ಬಂಡೆ ಮೇಲೆ ಇಳಿಯುವುದು ಮಾತ್ರ ಬೇಡವೇ ಬೇಡ.

ಸೆಪ್ಟೆಂಬರ್‌ನಲ್ಲಿ ಹೋದರೆ ಪಾಪಾ ಹಣ್ಣು ಕೆಳಗೆ ಬಿದ್ದಿರುತ್ತಂತೆ. ನಮ್ಮ ಸೀತಾಫಲದ ಕುಟುಂಬದ್ದೇ ಮರ ಅದು. ನನಗೆ ತಿನ್ನೋ ಯೋಗ ಇರಲಿಲ್ಲ, ಮರ ಮಾತ್ರ ನೋಡಿದೆ.

ಹೊಳೆಸಾಲು

ನನಗೊಂದು ಯೋಚನೆ. ಡಗ್ಲಸ್ ಮಾಡಿದ ಹಾಗೆ ನಾವೂ ಒಂದು ಸಲ ನಡೆದರೆ? ಎಂಟು ದಿನ ಬೇಡ, ಒಂದು ಬೆಳಗ್ಗೆ. ಊರೊಳಗಿನ ನಾಲೆಯಿಂದ ಶುರು ಮಾಡಿ ಕೊನೆಗದ್ದೆ ಅಣ್ಣನ ತೂಬಿನ ತನಕ. ದಾರಿಯಲ್ಲಿ ಎಲ್ಲಿ ಕಸ, ಎಲ್ಲಿ ಮೆಟ್ಟಿಲು ಬೇಕು, ಎಲ್ಲಿ ಏರಿ ಕುಸಿದಿದೆ ಅಂತ ಫೋಟೋ ತೆಗೆದು ನಕ್ಷೆ ಮಾಡಿಕೊಡೋ ಕೆಲಸ ನನ್ನದು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬರುತ್ತೀನಿ.

ಹಳೇಇಂಜಿನಿಯರ್

ನಾನೂ ಬರುತ್ತೇನೆ. ಪೂರ್ತಿ ಆಗದಿದ್ದರೆ ನಡುವೆ ಬಸ್ ಹತ್ತುತ್ತೇನೆ. ಆದರೆ ಬೇಗ ಆಗಬೇಕು. ತುಂಗಾ ನಾಲೆಗೆ ನೀರು ಕೊಡುವ ಗಾಜನೂರು ಅಣೆ ಚಿಕ್ಕದು, 3.24 ಟಿಎಂಸಿ ಅಷ್ಟೇ. ನಾಲ್ಕು ದಿನ ಶೃಂಗೇರಿ ಕಡೆ ಮಳೆ ಹಿಡಿದರೆ ತುಂಬಿಬಿಡುತ್ತದೆ. ನಾಲೆಗೆ ನೀರು ಬಿಡುವ ಮೊದಲು ನಡೆದರೆ ನಾಲೆಯ ಹೊಟ್ಟೆ ಪೂರ್ತಿ ಕಾಣುತ್ತದೆ, ಹೂಳು ಎಲ್ಲಿ ಎಷ್ಟು ಅಂತ ಗೊತ್ತಾಗುತ್ತದೆ. ಕಸ ತೆಗೆಯುವುದಿದ್ದರೂ ಆಗಲೇ ತೆಗೆಯಬೇಕು. ನೀರು ಬಂದ ಮೇಲೆ ಅದು ಕೊನೆಗದ್ದೆಯವರ ಪಾಲಿಗೆ.

ಮಳೆನಾಡಮ್ಮ

ನಮ್ಮ ಬೀದಿಯಿಂದ ಆರು ಜನ ಹೆಂಗಸರು ಬರುತ್ತೀವಿ. ಗೋಣಿಚೀಲ, ಕೈಗೆ ಹಾಕೋ ಗ್ಲೌಸ್ ನಾವು ತರುತ್ತೀವಿ. ಮಕ್ಕಳನ್ನು ಈ ಸಲ ಬಿಟ್ಟು ಬನ್ನಿ.

ತೋಟದಮನೆ

ಸಾಗರದಿಂದ ಬೆಳಗ್ಗೆಯ ರೈಲಿಗೆ ಬಂದರೆ ತಡ ಆಗುತ್ತದೆ. ಹಿಂದಿನ ದಿನವೇ ಅಕ್ಕನ ಮನೆಗೆ ಬಂದು ಉಳಿಯುತ್ತೀನಿ. ನಾಲೆದಂಡೆ ಅಕ್ಕ, ಆ ಬಾವಿಕಟ್ಟೆ ಕಲ್ಲು ಎಲ್ಲಿ ಹಾಕಿದ್ದಾರೆ ಅಂತ ಒಂದು ಸಲ ಹುಡುಕಿಸಿ. ನಮ್ಮ ಕಡೆ ಅಂಥ ಕಲ್ಲನ್ನು ಹಟ್ಟಿಯ ಮೆಟ್ಟಿಲಿಗೋ ಬಟ್ಟೆ ಒಗೆಯೋಕೋ ಹಾಕಿರುತ್ತಾರೆ.

ನಾಲೆದಂಡೆ

ನಿನ್ನೆ ತಮ್ಮನಿಗೆ ಫೋನ್ ಮಾಡಿ ಕೇಳಿದೆ ತಂಗಿ. ನೀವು ಹೇಳಿದ ಹಾಗೇ ಆಯಿತು. ಹಿತ್ತಲಿನಲ್ಲಿ ಬಚ್ಚಲ ನೀರು ಹೋಗುವಲ್ಲಿ ಮಗುಚಿ ಹಾಕಿದ್ದಾರಂತೆ. ತಿರುಗಿಸಿ ನೋಡಿ ಫೋಟೋ ಕಳಿಸಿದ. ಗೆರೆ ಹಾಗೇ ಇದೆ. ಐದು ಗೆರೆ.

ಹಾಗಾದರೆ ಬರುವ ಭಾನುವಾರ ಬೆಳಗ್ಗೆ ಆರಕ್ಕೆ, ನಮ್ಮ ಬಡಾವಣೆ ಹಿಂದಿನ ಕಿರುಸೇತುವೆ ಹತ್ತಿರ ಸೇರೋಣ. ಬರುವವರು ನನಗೆ ಸಂದೇಶ ಕಳಿಸಿ, ದಾರಿ ಹೇಳುತ್ತೀನಿ. ಅವಲಕ್ಕಿ, ಕಾಫಿ ನನ್ನದು. ಕೊನೆಗದ್ದೆ ಅಣ್ಣ, ನಿಮಗೆ ಒಪ್ಪಿಗೆನಾ?

ಕೊನೆಗದ್ದೆ

ಒಪ್ಪಿಗೆ. ನಾನು ಈ ತುದಿಯಿಂದ ಮಗನ ಜೊತೆ ಎದುರಿಗೆ ನಡೆದು ಬರುತ್ತೀನಿ, ನಡುವೆ ಸಿಗೋಣ. ನಾಲ್ಕನೇ ತೂಬಿನ ಹತ್ತಿರ ದೊಡ್ಡ ಆಲದ ಮರ ಇದೆ, ಅಲ್ಲಿ ಕೂತು ಉಣ್ಣಬಹುದು. ಮನೆಯಲ್ಲಿ ಅಕ್ಕಿ ರೊಟ್ಟಿ ಮಾಡಿಸುತ್ತೀನಿ. ಬೂಟು ಹಾಕಿಕೊಂಡು ಬನ್ನಿ, ಮುಟ್ಟಿದರೆ ಮುನಿ ಮುಳ್ಳು ಏರಿ ತುಂಬ ಹಬ್ಬಿದೆ. ಎರಡು ಕಡೆ ಇವತ್ತೇ ಕತ್ತಿ ಆಡಿಸಿ ದಾರಿ ಬಿಡಿಸಿ ಬಂದೆ.